ನಳಿಗೆಯೊಳಗಿನ ಕತ್ತಲೆ

ರೇಡಿಯೋದ ಮುಂದೆ ಕುಳಿತು ಕೇಳುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ದೂರದ ನಿಲಯದಿಂದ ಒಳ್ಳೆಯ ಗಾಯನವೊಂದು ಬರುತ್ತಿರುತ್ತದೆ. ಗಾಯಕರು ಮಂದ್ರದಲ್ಲಿ ಮೆಲ್ಲಮೆಲ್ಲನೆ ಸ್ವರವನ್ನು ಬಿಡಿಸುತ್ತಿರುತ್ತಾರೆ. ಅಷ್ಟರಲ್ಲಿ ಎಲ್ಲಿಯೋ ಮಿಂಚುತ್ತದೆ, ಇಲ್ಲವೆ ನೆರೆಮನೆಯಲ್ಲಿ ಯಾರೋ ಮೋಟಾರು ಹಾಕುತ್ತಾರೆ. ಗರಗರ ಸದ್ದು ತುಂಬಿಕೊಳ್ಳುತ್ತದೆ. ಹಾಡು ನಿಂತಿಲ್ಲ, ಅಲೆಗಳು ಮೊದಲಿನಂತೆಯೇ ಬರುತ್ತಿವೆ. ಆದರೂ ನಮಗೆ ಕೇಳಿಸದು. ಧ್ವನಿಯ ಗುಂಡಿಯನ್ನು ತಿರುವಿದರೆ ಹಾಡಿನೊಡನೆ ಗರಗರವೂ ಅಷ್ಟೇ ದೊಡ್ಡದಾಗುತ್ತದೆ. ಬೇಕಾದುದನ್ನು ಹೆಚ್ಚಿಸಿದರೆ ಸಾಲದು, ಬೇಡವಾದುದನ್ನು ತಗ್ಗಿಸಬೇಕು ಎಂಬ ಪಾಠವನ್ನು ರೇಡಿಯೋ ನಮಗೆ ಕಲಿಸಿದೆ.

ಇದೇ ಪಾಠವನ್ನು ಮನುಷ್ಯನು ಆಕಾಶವನ್ನು ನೋಡುವಾಗಲೂ ಕಲಿಯಬೇಕಾಯಿತು. ಅದರ ಕಥೆ ಮುನ್ನೂರು ವರ್ಷಗಳಿಗೂ ಹಿಂದಿನದು. ಅದರ ಒಂದು ಅಧ್ಯಾಯ ನಮ್ಮ ಘಟಪ್ರಭೆಯಿಂದ ಹೆಚ್ಚು ದೂರವಿಲ್ಲದ ಜಮಖಂಡಿಯಲ್ಲಿ ನಡೆಯಿತು. ಇನ್ನೊಂದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಅದನ್ನು ಹೇಳುವ ಮೊದಲು ನಿಮ್ಮನ್ನು ಒಂದು ಮಾಳಿಗೆಯ ಮೇಲಕ್ಕೆ ಕರೆದೊಯ್ಯಬೇಕು.

ಆ ಮಾಳಿಗೆ ನಿಮ್ಮದೇ ಎಂದು ಇಟ್ಟುಕೊಳ್ಳಿ. ಘಟಪ್ರಭೆಯಲ್ಲಿರಬಹುದು, ಗೋಕಾಕದಲ್ಲಿರಬಹುದು, ಮೂಡಲಗಿಯಲ್ಲೋ ಹುಕ್ಕೇರಿಯಲ್ಲೋ ಇರಬಹುದು. ಮನೆಯ ಹುಡುಗರು ಸೇರಿ ಒಂದು ಪ್ರತಿಫಲನ ದೂರದರ್ಶಕವನ್ನು ಕಟ್ಟಿದ್ದಾರೆ. ಆರು ಅಂಗುಲ ಅಗಲದ ಕನ್ನಡಿ, ನಾಲ್ಕು ಅಡಿ ಉದ್ದದ ನಳಿಗೆ. ಕನ್ನಡಿಯನ್ನು ಕೈಯಿಂದ ತಿಕ್ಕಿ ತಿಕ್ಕಿ ತಗ್ಗು ಮಾಡಲು ವಾರಗಟ್ಟಲೆ ದುಡಿದಿದ್ದಾರೆ. ಮೊದಲ ರಾತ್ರಿ ಚಂದ್ರನನ್ನು ನೋಡುತ್ತೀರಿ. ಕುಳಿಗಳು ಕಾಣುತ್ತವೆ, ಮನೆಯವರೆಲ್ಲ ಹಿಗ್ಗುತ್ತಾರೆ. ಆದರೆ ಯಾಕೋ ಕುಳಿಗಳ ನೆರಳು ಕಡುಕಪ್ಪಾಗಿಲ್ಲ, ಹಾಲು ಬೆರೆಸಿದಂತೆ ಬೂದು ಬೂದು. ಗುರುಗ್ರಹದ ಪಟ್ಟೆಗಳು ಮಾಸಿವೆ. ಚಂದ್ರನಿಲ್ಲದ ರಾತ್ರಿ ಆಂಡ್ರೊಮಿಡಾ ನೀಹಾರಿಕೆಯನ್ನು ಹುಡುಕಿದರೆ ಅದು ಇರಬೇಕಾದ ಕಡೆ ಮಂಕು ಬೆಳಕಿನ ಪರದೆಯೊಂದೇ ಕಾಣುತ್ತದೆ. ಕನ್ನಡಿ ಕೆಟ್ಟಿದೆ ಎಂದು ಹುಡುಗರು ಮುಖ ಸಣ್ಣದು ಮಾಡುತ್ತಾರೆ.

ಕನ್ನಡಿ ಕೆಟ್ಟಿಲ್ಲ. ನಳಿಗೆಯೊಳಗೆ ಕಳ್ಳರು ಹೊಕ್ಕಿದ್ದಾರೆ. ನಕ್ಷತ್ರದಿಂದ ಬಂದ ಬೆಳಕು ಕನ್ನಡಿಗೆ ತಾಗಿ, ಹೇಳಿದ ದಾರಿಯಲ್ಲೇ ನಡೆದು ಕಣ್ಣನ್ನು ಸೇರುತ್ತದೆ. ಅದರ ಜೊತೆಗೆ ಬೀದಿಯ ದೀಪದ ಬೆಳಕು, ಚಂದ್ರನ ಬೆಳಕು, ಆಕಾಶದ ಸಾಮಾನ್ಯ ಹೊಳಪು ಇವೆಲ್ಲ ನಳಿಗೆಯ ಗೋಡೆಗೆ ಬಡಿದು, ಚಿಮ್ಮಿ, ದಾರಿ ತಪ್ಪಿ ಅದೇ ಕಣ್ಣಿಗೆ ಬಂದು ಬೀಳುತ್ತವೆ. ಇದನ್ನು ಅಡ್ಡಬೆಳಕು ಎಂದು ಕರೆಯೋಣ. ಇದು ದೂರದರ್ಶಕದ ಗರಗರ ಸದ್ದು. ಆಂಡ್ರೊಮಿಡಾದ ಬೆಳಕು ಸುಮಾರು ೨೫ ಲಕ್ಷ ವರ್ಷ ಪ್ರಯಾಣ ಮಾಡಿ ನಿಮ್ಮ ಮಾಳಿಗೆಗೆ ಬಂದಿದೆ. ಅಷ್ಟು ದೂರ ಬಂದ ಅತಿಥಿಯನ್ನು ಕೊನೆಯ ನಾಲ್ಕು ಅಡಿಯಲ್ಲಿ ಬೀದಿಯ ದೀಪವೊಂದು ಹೊರಗೆ ನೂಕಿಬಿಡುತ್ತದೆ ಎಂದರೆ ಅದು ಸಣ್ಣ ನಷ್ಟವಲ್ಲ.

ಈ ತೊಂದರೆ ಪ್ರತಿಫಲನ ದೂರದರ್ಶಕಕ್ಕೆ ಹುಟ್ಟಿನಿಂದಲೇ ಅಂಟಿಕೊಂಡದ್ದು. ೧೬೬೮ರಲ್ಲಿ ಐಸಾಕ್ ನ್ಯೂಟನ್ ತನ್ನ ಕೈಯಿಂದಲೇ ಮೊದಲನೆಯದನ್ನು ಕಟ್ಟಿದನು. ಅದು ಆರು ಅಂಗುಲ ಉದ್ದದ ಪುಟ್ಟ ಉಪಕರಣ. ಅದರ ಕನ್ನಡಿ ಒಂದೂವರೆ ಅಂಗುಲವೂ ಅಗಲವಿರಲಿಲ್ಲ. ಗಾಜಿನ ಮಸೂರದಲ್ಲಿ ನೋಡಿದಾಗ ವಸ್ತುಗಳ ಅಂಚಿಗೆ ಬಣ್ಣ ಹತ್ತುತ್ತಿತ್ತು. ಅದನ್ನು ತಪ್ಪಿಸಲು ಅವನು ಮಸೂರವನ್ನೇ ಬಿಟ್ಟು ತಗ್ಗು ಕನ್ನಡಿಯನ್ನು ಹಿಡಿದನು. ನಳಿಗೆಯ ಬುಡದಲ್ಲಿ ದೊಡ್ಡ ಕನ್ನಡಿ. ಅದು ಬೆಳಕನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳುಹಿಸುತ್ತದೆ. ಬಾಯಿಯ ಹತ್ತಿರ ಓರೆಯಾಗಿ ನಿಂತ ಚಿಕ್ಕ ಚಪ್ಪಟೆ ಕನ್ನಡಿ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ನೋಡುವವನು ನಳಿಗೆಯ ಪಕ್ಕದಿಂದ ಕಣ್ಣಿಡುತ್ತಾನೆ. ಇಂದಿಗೂ ಮನೆಯಲ್ಲಿ ಕಟ್ಟುವ ದೂರದರ್ಶಕಗಳಲ್ಲಿ ಬಹುಪಾಲು ಇದೇ ಮಾದರಿಯವು.

ಇದರಲ್ಲಿ ಒಂದು ಇಕ್ಕಟ್ಟು ಉಂಟು. ಮಸೂರದ ದೂರದರ್ಶಕದಲ್ಲಿ ನಾವು ಉದ್ದನೆಯ ಕತ್ತಲೆಯ ಕೊಳವೆಯ ತುದಿಯಿಂದ ನೋಡುತ್ತೇವೆ. ನ್ಯೂಟನ್ನನ ಮಾದರಿಯಲ್ಲಾದರೋ ಕಣ್ಣು ಇರುವುದು ನಳಿಗೆಯ ತೆರೆದ ಬಾಯಿಯ ಮಗ್ಗುಲಲ್ಲಿಯೇ. ಚಿಕ್ಕ ಕನ್ನಡಿಯ ಅಂಚಿನಾಚೆಗೆ ಅದಕ್ಕೆ ಎದುರು ಗೋಡೆ ಕಾಣುತ್ತದೆ. ಆ ಗೋಡೆಯ ಮೇಲೆ ಹೊರಗಿನ ಬೆಳಕು ನೇರವಾಗಿ ಬೀಳುತ್ತದೆ. ಬಾಗಿಲ ಪಕ್ಕದಲ್ಲಿ ಕುಳಿತವನಿಗೆ ಬೀದಿಯ ಗದ್ದಲ ಹೆಚ್ಚು ಕೇಳಿಸುವ ಹಾಗೆ.

ನ್ಯೂಟನ್ನನ ತರುವಾಯ ಈ ಉಪಕರಣವನ್ನು ನಿಜವಾಗಿ ಬೆಳೆಸಿದವನು ವೃತ್ತಿಯಿಂದ ವಿಜ್ಞಾನಿಯಲ್ಲ, ಸಂಗೀತಗಾರ. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಪಾಠ ಹೇಳಿ, ವಾದ್ಯ ನುಡಿಸಿ ಬದುಕುತ್ತಿದ್ದ ವಿಲಿಯಂ ಹರ್ಷೆಲ್ ೧೭೭೩ರಿಂದ ಮನೆಯಲ್ಲಿಯೇ ಲೋಹದ ಕನ್ನಡಿಗಳನ್ನು ಎರಕ ಹೊಯ್ದು ಉಜ್ಜತೊಡಗಿದನು. ಉಜ್ಜುವ ಕೈಯನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಒಮ್ಮೆ ಹದಿನಾರು ಗಂಟೆಗಳ ಕಾಲ ಅವನು ಕೆಲಸದಿಂದ ಏಳಲಿಲ್ಲವಂತೆ. ತಂಗಿ ಕ್ಯಾರೊಲಿನ್ ಅವನ ಬಾಯಿಗೆ ತುತ್ತು ಹಾಕುತ್ತಿದ್ದಳು, ಬೇಸರ ಕಳೆಯಲು ಕಥೆ ಓದಿ ಹೇಳುತ್ತಿದ್ದಳು. ಒಮ್ಮೆ ಕಾದ ಲೋಹ ಒಲೆಯಿಂದ ಸೋರಿ ನೆಲದ ಹಾಸುಗಲ್ಲುಗಳನ್ನೇ ಸಿಡಿಸಿತು. ಎಲ್ಲರೂ ಓಡಿ ಜೀವ ಉಳಿಸಿಕೊಂಡರು. ೧೭೮೧ರ ಮಾರ್ಚ್ ೧೩ರ ರಾತ್ರಿ ಹೀಗೆ ಮನೆಯಲ್ಲಿ ಮಾಡಿದ ಆರಂಗುಲದ ಉಪಕರಣದಿಂದ ಅವನು ಯುರೇನಸ್ ಗ್ರಹವನ್ನು ಕಂಡನು. ಅನಾದಿಯಿಂದ ಬಂದ ಗ್ರಹಗಳ ಎಣಿಕೆಗೆ ಹೊಸದೊಂದು ಸೇರಿತು. ನಿಮ್ಮ ಮಾಳಿಗೆಯ ಮೇಲಿನ ಕನ್ನಡಿಯೂ ಆರಂಗುಲದ್ದೇ ಎಂಬುದನ್ನು ಹುಡುಗರಿಗೆ ನೆನಪಿಸಿ.

ಅಂದಿನ ಲೋಹದ ಕನ್ನಡಿ ತನಗೆ ಬಿದ್ದ ಬೆಳಕಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮಾತ್ರ ಹಿಂದಿರುಗಿಸುತ್ತಿತ್ತು. ಎರಡು ಕನ್ನಡಿಗಳಾದರೆ ಅರ್ಧಕ್ಕೂ ಕಡಿಮೆ ಉಳಿಯುತ್ತಿತ್ತು. ಆದುದರಿಂದ ಹರ್ಷೆಲ್ ತನ್ನ ದೊಡ್ಡ ಉಪಕರಣಗಳಲ್ಲಿ ಚಿಕ್ಕ ಕನ್ನಡಿಯನ್ನೇ ತೆಗೆದುಹಾಕಿ, ದೊಡ್ಡ ಕನ್ನಡಿಯನ್ನು ತುಸು ಓರೆ ಮಾಡಿ, ನಳಿಗೆಯ ಬಾಯಿಯಿಂದಲೇ ಇಣಿಕಿ ನೋಡಿದನು. ೧೭೮೯ರಲ್ಲಿ ಮುಗಿದ ಅವನ ನಲವತ್ತು ಅಡಿಯ ದೂರದರ್ಶಕದ ಕನ್ನಡಿ ನಾಲ್ಕಡಿ ಅಗಲವಿತ್ತು. ಅದರಲ್ಲಿ ಲುಬ್ಧಕ ನಕ್ಷತ್ರ ದೃಷ್ಟಿಗೆ ಬರುವ ಮುಂಚೆಯೇ ದೂರದಲ್ಲಿ ಅರುಣೋದಯದಂತೆ ಬೆಳಕು ಹರಡಿತು; ಬರಬರುತ್ತ ಹೆಚ್ಚಿ, ಕೊನೆಗೆ ನಕ್ಷತ್ರವೇ ಸೂರ್ಯನಂತೆ ಮೂಡಿದಾಗ ಕಣ್ಣನ್ನು ಸರಿಸಿಕೊಳ್ಳಬೇಕಾಯಿತು ಎಂದು ಅವನು ೧೮೦೦ರಲ್ಲಿ ಬರೆದನು. ಓದಲು ಸುಂದರವಾದ ಈ ಅರುಣೋದಯವನ್ನು ಇನ್ನೊಂದು ಬಗೆಯಿಂದಲೂ ನೋಡಬಹುದು. ನಕ್ಷತ್ರ ಇನ್ನೂ ನೋಟದೊಳಗೆ ಬಂದಿಲ್ಲ. ಅದರ ಬೆಳಕು ಆಗಲೇ ಬಂದಿದೆ. ಗಾಳಿ, ಕನ್ನಡಿಯ ಮೇಲ್ಮೈ, ನಳಿಗೆ ಇವೆಲ್ಲವೂ ಚದುರಿಸಿದ ಬೆಳಕು ಅದು. ಹತ್ತಿರದಲ್ಲಿ ಮಂಕಾದ ಒಡನಾಡಿಯೊಂದು ಇದ್ದರೆ ಆ ಅರುಣೋದಯದಲ್ಲಿ ಅದು ಮುಳುಗಿಹೋಗುತ್ತದೆ.

ಈಗ ಘಟಪ್ರಭೆಯ ಕಡೆಗೆ ಬರೋಣ. ೧೮೬೮ನೆಯ ಇಸವಿ ಆಗಸ್ಟ್ ೧೮. ಆಗ ಇಲ್ಲಿಗೆ ರೈಲು ಬಂದಿರಲಿಲ್ಲ. ಗೋಕಾಕ ಜಲಪಾತದ ದಂಡೆಯ ಮೇಲೆ ಗಿರಣಿ ಎದ್ದಿರಲಿಲ್ಲ. ನೂರೆಪ್ಪತ್ತು ಅಡಿ ಎತ್ತರದಿಂದ ಧುಮುಕುವ ನೀರಿಗೆ ಇನ್ನೂ ಯಾವ ಕೆಲಸವನ್ನೂ ಹಚ್ಚಿರಲಿಲ್ಲ. ಆ ದಿನ ಬೆಳಗಿನ ಹೊತ್ತು ಸಂಪೂರ್ಣ ಸೂರ್ಯಗ್ರಹಣದ ನೆರಳು ಪಶ್ಚಿಮದ ಕಡಲನ್ನು ದಾಟಿ, ಸಹ್ಯಾದ್ರಿಯನ್ನು ಹತ್ತಿ, ಹುಕ್ಕೇರಿ ಗೋಕಾಕಗಳ ಮೇಲಿಂದ, ಜಮಖಂಡಿ ವಿಜಾಪುರಗಳ ಮೇಲಿಂದ ಗುಂಟೂರು ಮಚಲೀಪಟ್ಟಣಗಳ ಕಡೆಗೆ ಧಾವಿಸಿತು. ಐದು ನಿಮಿಷಕ್ಕೂ ಮೀರಿದ ಕತ್ತಲೆ. ಅಷ್ಟು ದೀರ್ಘವಾದ ಗ್ರಹಣ ಅಪರೂಪ. ಯೂರೋಪಿನ ವಿದ್ವತ್ಸಂಸ್ಥೆಗಳು ಅದಕ್ಕಾಗಿ ತಮ್ಮವರನ್ನು ಕಳುಹಿಸಿದ್ದವು.

ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಉಪಕರಣವನ್ನು ಹೂಡಿ ನಿಂತವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಹೆಸರು ಕೇಳಿದಂತಿದೆಯಲ್ಲವೆ? ಬಾತ್ ಪಟ್ಟಣದಲ್ಲಿ ಕನ್ನಡಿ ಉಜ್ಜುತ್ತಿದ್ದ ವಿಲಿಯಂ ಹರ್ಷೆಲನ ಮೊಮ್ಮಗನೇ ಇವನು. ತಂದೆ ಸರ್ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕದ ಕೇಪಿನಲ್ಲಿ ದಕ್ಷಿಣ ಗೋಳದ ಆಕಾಶವನ್ನು ಶೋಧಿಸುತ್ತಿದ್ದಾಗ, ೧೮೩೭ರಲ್ಲಿ, ಹುಟ್ಟಿದ ಮಗ. ಇವನ ಅಣ್ಣನೊಬ್ಬನು ಬಂಗಾಳದಲ್ಲಿ ಅಧಿಕಾರಿಯಾಗಿದ್ದು ಕರಾರುಪತ್ರಗಳಿಗೆ ಬೆರಳಚ್ಚು ಪಡೆಯುವ ಪದ್ಧತಿಯನ್ನು ಮೊದಲು ಮಾಡಿದನು. ಲೆಫ್ಟಿನೆಂಟ್ ಜಾನ್ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ದುಡಿಯುತ್ತಿದ್ದ ಎಂಜಿನಿಯರು. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ದೂರದರ್ಶಕವನ್ನೂ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕವನ್ನೂ ಕೊಟ್ಟಿತ್ತು.

ಅವನು ನೋಡಬೇಕಾಗಿದ್ದುದು ಏನು? ಗ್ರಹಣದ ಹೊತ್ತಿನಲ್ಲಿ ಕಪ್ಪಾದ ಸೂರ್ಯನ ಅಂಚಿನಿಂದ ಕೆಂಪು ನಾಲಿಗೆಗಳಂತೆ ಚಾಚಿಕೊಳ್ಳುವ ಜ್ವಾಲೆಗಳನ್ನು. ಅವು ಸೂರ್ಯನದೋ ಚಂದ್ರನದೋ ಎಂಬ ಚರ್ಚೆ ೧೮೬೦ರ ಗ್ರಹಣದ ಛಾಯಾಚಿತ್ರಗಳಿಂದ ಮುಗಿದಿತ್ತು, ಸೂರ್ಯನವೇ. ಆದರೆ ಅವು ಯಾವ ವಸ್ತುವಿನಿಂದ ಆದವು ಎಂಬುದು ತಿಳಿದಿರಲಿಲ್ಲ. ಅವು ದಿನವೂ ಅಲ್ಲಿಯೇ ಇರುತ್ತವೆ. ಹಾಗಾದರೆ ದಿನವೂ ಯಾಕೆ ಕಾಣುವುದಿಲ್ಲ? ಅಡ್ಡಬೆಳಕಿನ ದೆಸೆಯಿಂದ. ನಮ್ಮ ವಾಯುಮಂಡಲ ಸೂರ್ಯನ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಹಗಲಿನ ನೀಲಿ ಆಕಾಶವೆಂದರೆ ಚದುರಿದ ಬೆಳಕೇ. ಸೂರ್ಯನಿಗೆ ಹೆಬ್ಬೆರಳನ್ನು ಅಡ್ಡ ಹಿಡಿದರೂ ಜ್ವಾಲೆಗಳು ಕಾಣವು. ಬೆರಳಿನ ಮುಂದಿರುವ ಗಾಳಿ ಆಗಲೇ ಬೆಳಗಿಹೋಗಿರುತ್ತದೆ. ಚಂದ್ರನಾದರೋ ಗಾಳಿಯ ಆಚೆಗೆ ನಿಂತು ಅಡ್ಡ ಬರುತ್ತಾನೆ. ನಾವು ನೋಡುವ ಗಾಳಿಯ ಕಂಬವೇ ಅವನ ನೆರಳಿನಲ್ಲಿ ಮುಳುಗುತ್ತದೆ. ದೂರದರ್ಶಕ ಕಟ್ಟುವವರ ಮಾತಿನಲ್ಲಿ ಹೇಳುವುದಾದರೆ, ಗ್ರಹಣದ ಚಂದ್ರನು ನಳಿಗೆಯ ಮುಂದೆ ಪ್ರಕೃತಿಯೇ ಇಟ್ಟ ತಡೆಬಳೆ.

ಆಗಸ್ಟ್ ತಿಂಗಳು ಮಳೆಗಾಲ. ಬೆಳಗಾವಿಯ ಕಡೆ ಮೋಡ ಬಿಡುವುದಿಲ್ಲ; ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ ಎಂಬುದು ಈ ಸೀಮೆಯವರಿಗೆ ಹೇಳಬೇಕಾದ ಮಾತಲ್ಲ. ಆದರೂ ಆ ದಿನ ಜಮಖಂಡಿಯ ಆಕಾಶದಲ್ಲಿ ಮೋಡಗಳು ಓಡಾಡುತ್ತಿದ್ದವು. ತಿಂಗಳುಗಳ ಸಿದ್ಧತೆ, ಐದು ನಿಮಿಷಗಳ ಅವಕಾಶ, ಅದರಲ್ಲಿಯೂ ಮೋಡದ ಪಾಲು. ಸಂದು ಸಿಕ್ಕಿದಷ್ಟು ಹೊತ್ತು ಹರ್ಷೆಲ್ ರೋಹಿತದರ್ಶಕಕ್ಕೆ ಕಣ್ಣಿಟ್ಟನು. ಕಾಮನಬಿಲ್ಲಿನಂತಹ ಎಡೆಬಿಡದ ಪಟ್ಟೆ ಕಾಣಲಿಲ್ಲ. ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ವಲ ಗೆರೆಗಳು ಕತ್ತಲೆಯಲ್ಲಿ ನಿಂತಿದ್ದವು. ಬಿಡಿ ಗೆರೆಗಳೆಂದರೆ ಉರಿಯುವ ಅನಿಲ ಎಂದು ಅರ್ಥ. ಜ್ವಾಲೆಗಳ ಗುಟ್ಟು ಬಯಲಾಯಿತು. ಅದೇ ದಿನ ವಿಜಾಪುರ, ಗುಂಟೂರು, ಮಚಲೀಪಟ್ಟಣಗಳಲ್ಲಿ ನಿಂತಿದ್ದ ಇತರರೂ ಇಂಥ ಗೆರೆಗಳನ್ನು ಕಂಡರು. ಗುಂಟೂರಿನಲ್ಲಿ ಮೇಜರ್ ಟೆನೆಂಟ್ ಸುಮಾರು ಒಂಬತ್ತು ಅಂಗುಲದ, ಬೆಳ್ಳಿ ಲೇಪಿಸಿದ ಗಾಜಿನ ಕನ್ನಡಿಯ ನ್ಯೂಟನ್ ಮಾದರಿಯ ದೂರದರ್ಶಕದಿಂದ ಛಾಯಾಚಿತ್ರಗಳನ್ನು ತೆಗೆದನು.

ಕಿತ್ತಳೆ ಗೆರೆಯನ್ನು ಹರ್ಷೆಲ್ ಅಳೆದನು. ತನ್ನ ಉಪಕರಣದ ಶಕ್ತಿ ಇರುವಷ್ಟು ನೋಡಿ, ಅದು ಸೋಡಿಯಮ್ಮಿನ ಗೆರೆಯೇ ಎಂದು ತೀರ್ಮಾನಿಸಿದನು. ಅದು ಸೋಡಿಯಂ ಆಗಿರಲಿಲ್ಲ. ಅದರ ಪಕ್ಕದಲ್ಲಿಯೇ, ಕೂದಲೆಳೆಯಷ್ಟು ದೂರದಲ್ಲಿ, ಬೇರೊಂದು ಗೆರೆ. ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಅದನ್ನು ಗುರುತಿಸಿ, ಭೂಮಿಯ ಮೇಲೆ ಆಗ ಯಾರೂ ಕಂಡಿರದ ಆ ಮೂಲವಸ್ತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಕರೆದನು. ೧೮೯೫ರಲ್ಲಿ ರಾಮ್ಸೆ ಅದನ್ನು ಭೂಮಿಯ ಖನಿಜದಲ್ಲಿಯೇ ಹಿಡಿದನು. ಜಮಖಂಡಿಯಲ್ಲಿ ಮೋಡದ ಸಂದಿನಿಂದ ನೋಡಿದ ಕಣ್ಣಿಗೆ ಹೀಲಿಯಂ ಕಂಡಿತ್ತು. ಹೆಸರು ಮಾತ್ರ ತಪ್ಪಿತು. ಅಷ್ಟು ಅವಸರದಲ್ಲಿ ನೋಡಬೇಕಾಗಿ ಬಂದವನನ್ನು ನಾವು ದೂರಬಾರದು. ಲಾಕ್ಯರ್ ೧೮೭೧ರ ಡಿಸೆಂಬರ್ ೧೨ರ ಗ್ರಹಣಕ್ಕೆ ತಾನೇ ನಮ್ಮ ಕರಾವಳಿಗೆ ಬಂದು, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ, ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲದಲ್ಲಿ ಬೀಡುಬಿಟ್ಟನು.

೧೮೬೮ರ ಗ್ರಹಣದಿಂದ ಬಂದ ಇನ್ನೊಂದು ಲಾಭ ನಮ್ಮ ಪ್ರಸ್ತಾಪಕ್ಕೆ ಇನ್ನೂ ಹತ್ತಿರದ್ದು. ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಗೆರೆಗಳ ಹೊಳಪನ್ನು ಕಂಡು, ಗ್ರಹಣವಿಲ್ಲದೆಯೂ ಇವನ್ನು ನೋಡಬಹುದೆಂದು ಊಹಿಸಿ ಮರುದಿನ ಬೆಳಿಗ್ಗೆಯೇ ನೋಡಿಬಿಟ್ಟನು. ಲಾಕ್ಯರ್ ಕೂಡ ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಸ್ವತಂತ್ರವಾಗಿ ಕಂಡನು. ಉಪಾಯ ಸರಳ. ರೋಹಿತದರ್ಶಕ ಆಕಾಶದ ಅಡ್ಡಬೆಳಕನ್ನು ಉದ್ದನೆಯ ಪಟ್ಟೆಯಾಗಿ ಹರಡಿ ತೆಳುಮಾಡುತ್ತದೆ. ಜ್ವಾಲೆಯ ಬೆಳಕು ಮಾತ್ರ ಒಂದೇ ಗೆರೆಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಕಳ್ಳನನ್ನು ಹೊರಗೆ ಅಟ್ಟಲಾಗದಿದ್ದರೆ ಅವನ ಬಲವನ್ನು ಚದುರಿಸು ಎಂಬ ನೀತಿ.

ಇಷ್ಟನ್ನು ತಿಳಿದ ಮೇಲೆ ಮಾಳಿಗೆಗೆ ಹಿಂದಿರುಗೋಣ. ಹಗಲು ಹೊತ್ತಿನಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ನಳಿಗೆಯನ್ನು ತೆರೆದ ಆಕಾಶದ ಕಡೆ ತಿರುಗಿಸಿ. ಸೂರ್ಯನ ಕಡೆಗೆ ಎಂದೂ ತಿರುಗಿಸಬೇಡಿ. ಒಂದೇ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ನೇತ್ರಮಸೂರವನ್ನು ತೆಗೆದು, ಅದರ ಕೊಳವೆಗೆ ಕಣ್ಣಿಟ್ಟು ನೋಡಿ. ಚಿಕ್ಕ ಕನ್ನಡಿ ಕಾಣಬೇಕು. ಅದರೊಳಗೆ ದೊಡ್ಡ ಕನ್ನಡಿಯ ಬೆಳ್ಳಗಿನ ಬಿಂಬ ಕಾಣಬೇಕು. ಇವೆರಡನ್ನು ಬಿಟ್ಟು ಏನಾದರೂ ಹೊಳೆಯುತ್ತಿದ್ದರೆ ಅದೇ ಕಳ್ಳ. ಒಬ್ಬೊಬ್ಬನನ್ನೇ ಪಟ್ಟಿ ಮಾಡಿಕೊಳ್ಳಿ.

ಮೊದಲನೆಯವನು ನಿಮ್ಮ ಕಣ್ಣಿನ ಹತ್ತಿರವೇ ಇರುತ್ತಾನೆ: ನೇತ್ರಮಸೂರವನ್ನು ಹಿಡಿಯುವ ಕೊಳವೆಯ ಒಳಗೋಡೆ. ಹಿತ್ತಾಳೆಯದಾಗಲಿ ಪ್ಲಾಸ್ಟಿಕ್ಕಿನದಾಗಲಿ ಅದು ಥಳಥಳಿಸುತ್ತದೆ. ಎರಡನೆಯವನು ಅದರ ನೇರ ಎದುರಿನ ನಳಿಗೆಯ ಗೋಡೆ. ಮೂರನೆಯವನು ಚಿಕ್ಕ ಕನ್ನಡಿಯ ಅಂಚು ಮತ್ತು ಅದನ್ನು ಹಿಡಿದ ಕಾಲುಗಳು. ನಾಲ್ಕನೆಯವನು ಬುಡದಲ್ಲಿ ಅಡಗಿದ್ದಾನೆ. ದೊಡ್ಡ ಕನ್ನಡಿಯ ಸುತ್ತಲಿನ ಸಂದಿನಿಂದ ನೆಲದ ಬೆಳಕು ಒಳಗೆ ಬರುತ್ತಿರುತ್ತದೆ. ಹಿಂಬದಿಗೆ, ಗಾಳಿ ಆಡುವಷ್ಟು ಎಡೆ ಬಿಟ್ಟು, ಕಪ್ಪು ಬಟ್ಟೆ ಕಟ್ಟಿದರೆ ಅವನ ಆಟ ಮುಗಿಯಿತು.

ಉಳಿದವರಿಗೆ ಮದ್ದು ಕಪ್ಪು ಬಣ್ಣ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಂಥ ಕಪ್ಪು? ಗೋಕಾಕದ ಮರದ ಗೊಂಬೆಗಳಿಗೆ ಹಚ್ಚುವ ಬಣ್ಣ ನೋಡಲು ಎಷ್ಟು ಚೆಂದವಾಗಿ ಮಿನುಗುತ್ತದೆ! ಅಂಥ ಮಿನುಗು ನಳಿಗೆಯೊಳಗೆ ಶತ್ರು. ಇಲ್ಲಿ ಬೇಕಾದದ್ದು ನಮ್ಮ ತಾಯಂದಿರು ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಮಗುಚಿ ಹಿಡಿಯುತ್ತಿದ್ದ ಕಾಡಿಗೆಯ ಕಪ್ಪು. ಬೆಳಕನ್ನು ಕುಡಿಯುವ ಕಪ್ಪು. ಹಿಂದಿನ ಉಪಕರಣಗಳಿಗೆ ದೀಪದ ಮಸಿಯನ್ನೇ ಬಳಸುತ್ತಿದ್ದರು. ಶಾಲೆಯ ಕಪ್ಪುಹಲಗೆಗೆ ಬಳಿಯುವ ಬಣ್ಣ ಇಂದಿಗೂ ಅಗ್ಗದ, ಒಳ್ಳೆಯ ಪರಿಹಾರ.

ಅಷ್ಟರಿಂದಲೇ ತೀರಲಿಲ್ಲ. ಸಂಜೆಯ ಹೊತ್ತು ಘಟಪ್ರಭೆಯಿಂದ ಗೋಕಾಕಕ್ಕೆ ಹೋಗುವ ಡಾಂಬರು ರಸ್ತೆಯನ್ನು ನೆನೆಯಿರಿ. ಕಾಲ ಬುಡದಲ್ಲಿ ಅದು ಕಪ್ಪು. ದೂರದಲ್ಲಿ, ಮುಳುಗುವ ಸೂರ್ಯನ ಕಡೆಗೆ, ಅದೇ ರಸ್ತೆ ನೀರಿನಂತೆ ಹೊಳೆಯುತ್ತದೆ. ಓರೆಯಾಗಿ ಸವರಿಕೊಂಡು ಹೋಗುವ ಬೆಳಕನ್ನು ಎಂಥ ಕಪ್ಪೂ ನುಂಗಲಾರದು. ನಳಿಗೆಯೊಳಗಿನ ಬೆಳಕೆಲ್ಲ ಹೀಗೆಯೇ ಸವರಿಕೊಂಡು ಬರುತ್ತದೆ. ಆದುದರಿಂದ ಗೋಡೆ ಕಪ್ಪಾಗಿದ್ದರೆ ಸಾಲದು, ತರಿತರಿಯಾಗಿರಬೇಕು. ಬಣ್ಣ ಹಸಿಯಿರುವಾಗಲೇ ಮರಗೆಲಸದವರ ಅಂಗಡಿಯಿಂದ ತಂದ ಹೊಟ್ಟನ್ನು ಎರಚಿ, ಒಣಗಿದ ಮೇಲೆ ಕೊಡವಿ, ಇನ್ನೊಮ್ಮೆ ಬಣ್ಣ ಬಳಿಯಿರಿ. ಇಲ್ಲವೆ ಮಖಮಲ್ಲಿನಂತೆ ನವಿರುಳ್ಳ ಕಪ್ಪು ಕಾಗದವನ್ನು ಅಂಟಿಸಿ. ನೇತ್ರಮಸೂರದ ಎದುರಿನ ಒಂದಡಿ ಜಾಗಕ್ಕೆ ಇಷ್ಟು ಮಾಡಿದರೂ ಅರ್ಧ ಕೆಲಸ ಆದಂತೆ.

ಇನ್ನೂ ದೃಢವಾದ ಉಪಾಯ ತಡೆಬಳೆ. ರಟ್ಟಿನಿಂದ ಬಳೆಗಳನ್ನು ಕತ್ತರಿಸಿ, ಕಪ್ಪು ಬಳಿದು, ನಳಿಗೆಯೊಳಗೆ ಅಲ್ಲಲ್ಲಿ ಕೂರಿಸುವುದು. ಸವರಿ ಬರುವ ಬೆಳಕು ಬಳೆಗೆ ನೇರವಾಗಿ ಬಡಿದು ಅಲ್ಲಿಯೇ ನಿಲ್ಲುತ್ತದೆ. ಆದರೆ ಅವಸರಪಟ್ಟು ಬಳೆಯನ್ನು ಕಿರಿದು ಮಾಡಿದರೆ ನಕ್ಷತ್ರದ ಬೆಳಕಿಗೇ ಕತ್ತರಿ ಬೀಳುತ್ತದೆ. ಲೆಕ್ಕ ಸುಲಭ. ಕನ್ನಡಿ ೧೫೦ ಮಿಲಿಮೀಟರು, ಸಂಗಮದೂರ ೧೨೦೦ ಮಿಲಿಮೀಟರು, ನೋಡುವ ಆಕಾಶ ಒಂದು ಡಿಗ್ರಿ ಅಗಲ ಎನ್ನಿ. ಕನ್ನಡಿಯಿಂದ ೧೨೦೦ ಮಿಲಿಮೀಟರು ಮೇಲಕ್ಕೆ ಬರುವಾಗ ದಾರಿ ೨೧ ಮಿಲಿಮೀಟರು ಅಗಲವಾಗುತ್ತದೆ. ಆದ್ದರಿಂದ ಬಾಯಿಯ ಹತ್ತಿರದ ಬಳೆಯ ತೂತು ೧೭೧ ಮಿಲಿಮೀಟರಿಗೆ ಕಡಿಮೆ ಇರಬಾರದು. ನಳಿಗೆಯೇ ೨೦೦ ಮಿಲಿಮೀಟರು ಇದ್ದರೆ ಬಳೆಗೆ ಜಾಗ ಸಿಕ್ಕೀತು. ಕೊನೆಯದಾಗಿ, ನೇತ್ರಮಸೂರದಿಂದ ಆಚೆಗೆ ನಳಿಗೆಯನ್ನು ಒಂದಡಿಯಷ್ಟು ಮುಂದಕ್ಕೆ ಬೆಳೆಸಿ. ಕಪ್ಪು ರಟ್ಟಿನ ಸುರುಳಿ ಸಾಕು. ಬಿಸಿಲಿಗೆ ಅಂಗೈಯನ್ನು ಹುಬ್ಬಿನ ಮೇಲೆ ಹಿಡಿಯುವುದಿಲ್ಲವೆ, ಅದೇ ಇದು. ಹಿಮ ಬೀಳುವ ರಾತ್ರಿಗಳಲ್ಲಿ ಕನ್ನಡಿಗೆ ಹನಿ ಕಟ್ಟದಂತೆಯೂ ಇದು ಕಾಯುತ್ತದೆ.

ಇದೆ��್ಲ ಬಡವರ ಉಪಾಯವೆಂದು ಕೀಳಾಗಿ ಎಣಿಸಬೇಡಿ. ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಲ್ಲಿ ವೇದಾಂತ ಸಂಘದ ಆಶ್ರಮವಾಸಿಯಾಗಿದ್ದ ಜಾನ್ ಡಾಬ್ಸನ್ ಎಂಬುವರು ಎಸೆದ ದಪ್ಪ ಗಾಜಿನಿಂದ ಕನ್ನಡಿ ಉಜ್ಜಿ, ಕಾಂಕ್ರೀಟು ಕಂಬ ಹೊಯ್ಯಲು ಬಳಸುವ ರಟ್ಟಿನ ಕೊಳವೆಯನ್ನೇ ನಳಿಗೆ ಮಾಡಿ ದೊಡ್ಡ ದೊಡ್ಡ ದೂರದರ್ಶಕಗಳನ್ನು ಕಟ್ಟಿದರು. ೧೯೬೮ರಲ್ಲಿ ಗೆಳೆಯರೊಡನೆ ಒಂದು ಕೂಟ ಮಾಡಿಕೊಂಡು, ಬೀದಿಯ ಬದಿಯಲ್ಲಿ ನಿಂತು ದಾರಿಹೋಕರಿಗೆ ಆಕಾಶ ತೋರಿಸಿದರು. ಅವರ ಮಾದರಿ ಇಂದು ಲೋಕಪ್ರಸಿದ್ಧ. ಅದೇ ೧೯೬೮ರಲ್ಲಿ ನಮ್ಮ ದೇಶದಲ್ಲಿ ವೈಣು ಬಾಪು ಅವರು ಕೊಡೈಕನಾಲಿನ ಕಾರ್ಖಾನೆಯಲ್ಲಿ ತಾವೇ ಮಾಡಿಸಿದ ೩೮ ಸೆಂಟಿಮೀಟರಿನ ಪ್ರತಿಫಲನ ದೂರದರ್ಶಕವನ್ನು ತಮಿಳುನಾಡಿನ ಕಾವಲೂರಿನಲ್ಲಿ ನಿಲ್ಲಿಸಿದರು. ಅಲ್ಲಿಗೆ ೧೯೭೨ರಲ್ಲಿ ಬಂದ ಒಂದು ಮೀಟರಿನ ಉಪಕರಣ, ೧೯೭೭ರ ಮಾರ್ಚಿನಲ್ಲಿ ಯುರೇನಸ್ಸಿನ ಬಳೆಗಳು ಪತ್ತೆಯಾದಾಗ ಆ ವೀಕ್ಷಣೆಯಲ್ಲಿ ಪಾಲುಗೊಂಡಿತು. ಹರ್ಷೆಲ್ ಕಂಡ ಗ್ರಹಕ್ಕೆ ಹೀಗೆ ನಮ್ಮವರ ನಂಟೂ ಬೆಸೆಯಿತು. ಬಾಪು ಅವರ ಹೆಸರನ್ನೇ ಹೊತ್ತು ೧೯೮೬ರ ಜನವರಿಯಲ್ಲಿ ಉದ್ಘಾಟನೆಯಾದ ೨.೩೪ ಮೀಟರಿನ ಕನ್ನಡಿಯನ್ನು ಉಜ್ಜಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ.

ಗ್ರಹಣವಿಲ್ಲದೆ ಜ್ವಾಲೆಗಳನ್ನು ಕಂಡದ್ದಾಯಿತು. ಆದರೆ ಅವುಗಳ ಆಚೆಗೆ ಮುತ್ತಿನ ಬಣ್ಣದಲ್ಲಿ ಹರಡಿರುವ ಪ್ರಭಾವಳಿ, ಅಂದರೆ ಕರೋನ, ಹಟ ಬಿಡಲಿಲ್ಲ. ಸೂರ್ಯಬಿಂಬದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಅದರ ಕಾಂತಿ. ೧೯೩೦ರ ಸುಮಾರಿಗೆ ಫ್ರಾನ್ಸಿನ ಬರ್ನಾರ್ ಲಯೋ ಎತ್ತರದ ಪರ್ವತವೊಂದರ ಮೇಲೆ ಅದನ್ನೂ ಗೆದ್ದನು. ದೂರದರ್ಶಕದೊಳಗೇ ಒಂದು ಕೃತಕ ಚಂದ್ರನನ್ನು ಇಟ್ಟನು. ಗೀರಿಲ್ಲದ, ಗುಳ್ಳೆಯಿಲ್ಲದ ಮಸೂರವನ್ನು ಆರಿಸಿದನು. ಆದರೂ ಉಳಿದ ಅಡ್ಡಬೆಳಕು ಮಸೂರದ ಅಂಚಿನಿಂದ ಬರುತ್ತದೆ ಎಂದು ಕಂಡುಹಿಡಿದು, ಆ ಅಂಚಿನ ಬಿಂಬ ಬೀಳುವಲ್ಲಿಯೇ ಒಂದು ತಡೆಬಳೆಯನ್ನು ಹಾಕಿದನು. ಮಾಳಿಗೆಯ ಮೇಲೆ ನೀವು ರಟ್ಟಿನಿಂದ ಮಾಡಿದ್ದೂ ಇದೇ ಕುಲದ ಬಳೆ.

ಲಯೋನ ಪರಂಪರೆಯ ಉಪಕರಣವೊಂದು ಈಗ ನಮ್ಮದಾಗಿ ಆಕಾಶದಲ್ಲಿದೆ. ೨೦೨೩ರ ಸೆಪ್ಟೆಂಬರ್ ೨ರಂದು ಹಾರಿದ ಆದಿತ್ಯ ಎಲ್-೧ ನೌಕೆಯ ಮುಖ್ಯ ಉಪಕರಣವಾದ ಕರೋನಾಗ್ರಾಫನ್ನು ಭಾರತೀಯ ಖಭೌತ ಸಂಸ್ಥೆಯವರು ಇಸ್ರೋ ನೆರವಿನೊಡನೆ ಹೊಸಕೋಟೆಯ ಆವರಣದಲ್ಲಿ ಜೋಡಿಸಿದರು. ಅದು ಮಸೂರದ್ದಲ್ಲ, ಕನ್ನಡಿಯದು. ಕನ್ನಡಿಯ ಮೇಲಿನ ಅತಿ ಸೂಕ್ಷ್ಮ ಒರಟುತನವೂ ಸೂರ್ಯನ ಬೆಳಕನ್ನು ಚದುರಿಸಿ ಕರೋನವನ್ನು ಮುಳುಗಿಸೀತು. ಒಂದು ಧೂಳಿನ ಕಣವೂ ಅಡ್ಡಬೆಳಕಿನ ಕಾರಂಜಿಯಾದೀತು. ಆದುದರಿಂದ ಅಸಾಧಾರಣ ನುಣುಪಿನ ಕನ್ನಡಿ, ಧೂಳಿಲ್ಲದ ಕೋಣೆ, ತಡೆಗಳ ಮೇಲೆ ತಡೆ. ೨೦೨೪ರ ಜನವರಿ ೬ರಂದು ನೌಕೆ ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿತು. ಅಲ್ಲಿ ಗಾಳಿಯಿಲ್ಲ, ಮೋಡವಿಲ್ಲ. ಜಮಖಂಡಿಯಲ್ಲಿ ಐದು ನಿಮಿಷಕ್ಕಾಗಿ ಮೋಡದೊಡನೆ ಹೆಣಗಿದವನ ಕನಸು ಬೇರೇನಿದ್ದೀತು?

ಇನ್ನು ಒಂದು ಮಾತು. ನಳಿಗೆಯೊಳಗಿನ ಕತ್ತಲೆಯನ್ನು ನಾವು ಬಣ್ಣದಿಂದ ಸಂಪಾದಿಸಬಹುದು. ಹೊರಗಿನ ಕತ್ತಲೆಯನ್ನು ಹೊಂದಾಣಿಕೆಯಿಂದ ಮಾತ್ರ. ನಮ್ಮ ಊರುಗಳಲ್ಲಿ ಬಿಳಿಯ ದೀಪಗಳು ಹೆಚ್ಚುತ್ತಿವೆ. ದೀಪ ಬೇಕು, ನಿಜ. ಆದರೆ ಅದು ದಾರಿಯನ್ನು ಬೆಳಗಲಿ. ಆಕಾಶವನ್ನು ಬೆಳಗಿ ಯಾರಿಗೂ ಪ್ರಯೋಜನವಿಲ್ಲ. ಮೇಲ್ಭಾಗಕ್ಕೆ ಒಂದು ಮುಚ್ಚಳವಿದ್ದರೆ ಬೀದಿಗೂ ಬೆಳಕು ಹೆಚ್ಚು, ಆಕಾಶಕ್ಕೂ ಕತ್ತಲೆ ಹೆಚ್ಚು. ಅದು ಇಡೀ ಊರಿಗೆ ಹಾಕಿದ ತಡೆಬಳೆ.

ಬರುವ ಅಮಾವಾಸ್ಯೆಯ ಸುಮಾರಿಗೆ ಬಣ್ಣ ಒಣಗಿರುತ್ತದೆ. ಮಾಳಿಗೆಯ ದೀಪವನ್ನು ಆರಿಸಿ, ಇಪ್ಪತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣಿಗೆ ಕತ್ತಲೆ ಒಗ್ಗಲಿ. ತಲೆಯ ಮೇಲೆ ಕಪ್ಪು ಶಾಲನ್ನು ಹೊದ್ದುಕೊಂಡು ನೇತ್ರಮಸೂರಕ್ಕೆ ಕಣ್ಣಿಡಿ. ಪರದೆ ಸರಿದಿರುತ್ತದೆ. ೨೫ ಲಕ್ಷ ವರ್ಷ ನಡೆದು ಬಂದ ಅತಿಥಿ ಬಾಗಿಲಲ್ಲಿ ನಿಂತಿರುತ್ತಾನೆ. ಮನೆಯ ಚಿಕ್ಕವರನ್ನು ಮೊದಲು ನೋಡಗೊಡಿ.